ಅಜ್ಜಿಯ ಫೋಟೊ ಕಳಿಸುತ್ತಿದ್ದೇನೆ

ಪ್ರೀತಿಯ ಪುಟ್ಟಿ,

ಹೋದ ತಿಂಗಳು ನೀನು ಅಜ್ಜ-ಅಜ್ಜಿಯ ಮದುವೆ ಫೋಟೊ ಕೇಳಿದಾಗ ಕೊಡುವುದಿಲ್ಲ ಅಂದುಬಿಟ್ಟೆ. ನಿನ್ನ ಚಿತ್ರಕ್ಕೆ ಇಳಿಸಲು, ಉಗುರುಬಣ್ಣ ಅಳಿಸುವ ಆ ಅಸಿಟೋನ್ ಹಚ್ಚಿ ಉಜ್ಜುತ್ತೇನೆ ಅಂದೆಯಲ್ಲ, ಇರುವುದೇ ಒಂದು ಫೋಟೊ, ಅದೂ ಹೋಯಿತು ಅಂತ ಸಂಕಟವಾಯಿತು. ಆಮೇಲೆ ರಾತ್ರಿಯೆಲ್ಲ ಕೂತು ನೀನು ಹೇಳಿದ ಆ ಕಲಾವಿದೆ ಎನ್‌ಜಿಡೆಕಾ ಅಕುನ್ಯಿಲಿ ಕ್ರಾಸ್ಬಿಯ ಚಿತ್ರಗಳನ್ನು ನೋಡಿದೆ.

ಮೂಲ ಫೋಟೊವನ್ನು ಮುಟ್ಟುವುದೇ ಇಲ್ಲ ಅಂತ ನೀನು ಮೊದಲೇ ಹೇಳಬಾರದಿತ್ತಾ? ಆ ಕಲಾವಿದೆ ಮಾಡುವ ಹಾಗೆ ಜೆರಾಕ್ಸ್ ಪ್ರತಿಯನ್ನು ಬೋರಲು ಹಾಕಿ, ಬೆನ್ನಿಗೆ ಅಸಿಟೋನ್ ಸವರಿ ತಿಕ್ಕಿದರೆ ಶಾಯಿ ಕೆಳಗಿನ ಕಾಗದಕ್ಕೆ ಇಳಿಯುತ್ತದೆ. ಸ್ವಲ್ಪ ಮಂಕಾಗಿ, ನೆನಪಿನ ಹಾಗೆಯೇ. ಈ ಕೆಲಸ ಮಾಡುವಾಗ ಕಿಟಕಿ ತೆಗೆದಿಡು, ಆ ವಾಸನೆ ಒಳ್ಳೆಯದಲ್ಲ.

ಎನ್‌ಜಿಡೆಕಾ ನೈಜೀರಿಯಾದ ಎನುಗು ಊರಲ್ಲಿ 1983ರಲ್ಲಿ ಹುಟ್ಟಿದವಳು. 1999ರಲ್ಲಿ, ಹದಿನಾರು ವರ್ಷಕ್ಕೇ, ಅಮೆರಿಕಕ್ಕೆ ಹೋದಳಂತೆ. ನಿನ್ನನ್ನು ಇಪ್ಪತ್ತೆರಡಕ್ಕೆ ಕಳಿಸುವಾಗಲೇ ನನ್ನ ಕೈ ನಡುಗಿತ್ತು. ಅವಳ ಚಿತ್ರ ದೂರದಿಂದ ಒಂದು ಸಾಮಾನ್ಯ ಕೋಣೆ: ಮೇಜು, ಕುರ್ಚಿ, ಕೂತ ಹೆಂಗಸು. ಫೋನಿನಲ್ಲಿ ದೊಡ್ಡದು ಮಾಡುತ್ತ ಹೋದರೆ ಗೋಡೆ, ನೆಲ, ಬಟ್ಟೆ ಎಲ್ಲವೂ ಚಿಕ್ಕ ಚಿಕ್ಕ ಫೋಟೊಗಳು. ಮನೆಯವರ ಮದುವೆ, ಅಲ್ಲಿನ ಹಾಡುಗಾರರು, ಹಳೇ ಪತ್ರಿಕೆಯ ಪುಟ. ಬಿಟ್ಟುಬಂದ ಊರು ಆ ಕೋಣೆಯ ಗೋಡೆಯೊಳಗೇ ಇದೆ. ಅವಳು ಓದಿದ ಯೇಲ್ ವಿಶ್ವವಿದ್ಯಾಲಯ ಇರುವ ಅಮೆರಿಕದ ಊರಿನ ಹೆಸರು ನ್ಯೂ ಹೇವನ್. ಎನುಗುವಿನಲ್ಲೂ ನ್ಯೂ ಹೇವನ್ ಅನ್ನುವ ಬಡಾವಣೆ ಇದೆ! ಶೀರ್ಷಿಕೆಯಲ್ಲಿ ಆ ಹೆಸರನ್ನೇ ಸೇರಿಸಿ 2013ರಲ್ಲಿ ಚಹಾ ಮೇಜಿನ ಚಿತ್ರವೊಂದನ್ನು ಮಾಡಿದ್ದಾಳೆ.

ನಾನು ತುಂಬ ಹೊತ್ತು ನೋಡಿದ್ದು 2017ರ ‘ಡ್ವೆಲ್: ಅಸೊ ಎಬಿ’. ನೈಜೀರಿಯಾದಲ್ಲಿ ಮದುವೆ, ತಿಥಿಗಳಿಗೆ ಮನೆಮಂದಿಯೆಲ್ಲ ಒಂದೇ ಬಟ್ಟೆ ಉಡುತ್ತಾರೆ, ಅದೇ ಅಸೊ ಎಬಿ. ಮುಖ್ಯವಾದವರ ಮುಖವನ್ನೇ ಬಟ್ಟೆಯ ಮೇಲೆ ಅಚ್ಚು ಹಾಕಿಸುವುದೂ ಉಂಟು. ಈ ಚಿತ್ರದ ಗೋಡೆ ತುಂಬ ಅವಳ ಅಮ್ಮ ಡೋರಾ ಅಕುನ್ಯಿಲಿಯ ಮುಖ. ನಕಲಿ ಔಷಧಿ ಮಾರುವವರ ವಿರುದ್ಧ ನಿಂತ ಗಟ್ಟಿ ಹೆಂಗಸು. 2014ರಲ್ಲಿ ಕ್ಯಾನ್ಸರಿನಿಂದ, ನಮ್ಮ ಭಾರತದ ಆಸ್ಪತ್ರೆಯೊಂದರಲ್ಲೇ, ತೀರಿಕೊಂಡಳು. ಮೂರು ವರ್ಷದ ಮೇಲೆ ಮಗಳು ತಾಯಿಯನ್ನು ಗೋಡೆ ಮಾಡಿಕೊಂಡು ಅದರ ಮುಂದೆ ಒಬ್ಬ ಹೆಂಗಸನ್ನು ಕೂರಿಸಿದ್ದಾಳೆ. ನನಗೆ ಅಳು ಬಂತು ಪುಟ್ಟಿ. ಫೋಟೊ ಹಾಳಾಗುತ್ತದೆ ಅಂದವಳು ನಾನು, ಬೀರುವಿನಲ್ಲಿ ಹತ್ತು ವರ್ಷದಿಂದ ಅದನ್ನು ಯಾರು ನೋಡಿದ್ದರು?

ನಿನ್ನೆ ಜೆರಾಕ್ಸ್ ಅಂಗಡಿಯಲ್ಲಿ ಸ್ಕ್ಯಾನ್ ಮಾಡಿಸಿದೆ. ಅಜ್ಜಿಯ ಬಲಗೈ ನೋಡು, ಹೆಬ್ಬೆರಳನ್ನು ಸೆರಗಿನ ಅಂಚಿನಲ್ಲಿ ಸುತ್ತಿಕೊಂಡಿದ್ದಾರೆ. ಸ್ಟುಡಿಯೋದ ದೀಪಕ್ಕೆ ಹೆದರಿಕೆಯಾಗಿತ್ತು ಅಂತ ನನಗೆ ಹೇಳಿದ್ದರು. ಆ ಬೆರಳು ಮಾತ್ರ ಮಂಕಾಗದ ಹಾಗೆ ಇಳಿಸು. ನೀನು ಕೇಳದಿದ್ದರೂ ಅವರು ವಾರಪತ್ರಿಕೆಯಿಂದ ಹರಿದು ದಾರ ಹಾಕಿ ಹೊಲಿದಿಟ್ಟ ಧಾರಾವಾಹಿಯ ಪುಟಗಳು, ಹಳೇ ರೇಷನ್ ಕಾರ್ಡು, ಹಿತ್ತಲ ಬಾಗಿಲಿನ ಫೋಟೊ ಕೂಡ ಹಾಕಿದ್ದೇನೆ.

ಇನ್ನೊಂದು. ಬೋರಲು ಹಾಕಿ ಇಳಿಸಿದರೆ ಎಲ್ಲ ತಿರುಗುಮುರುಗಾಗುತ್ತದಲ್ಲ, ಕನ್ನಡ ಅಕ್ಷರ ಓದಲು ಬರುವುದಿಲ್ಲ, ಅಜ್ಜಿ ಅಜ್ಜನ ಬಲಕ್ಕೆ ಹೋಗಿಬಿಡುತ್ತಾರೆ. ಪ್ರಿಂಟ್ ತೆಗೆಯುವ ಮೊದಲೇ ಕಂಪ್ಯೂಟರಿನಲ್ಲಿ ತಿರುಗಿಸಿಕೋ. ಅಜ್ಜಿ ಎಡಗಡೆಯೇ ಇರಲಿ.

ನಿನ್ನ
ಅಮ್ಮ