ವಾಟರ್ ವಾಶ್ ಸಾಕಾಗಲ್ಲ, ವೀಲ್ ಬಿಚ್ಚಿ ನೋಡಿ

ಮಾನ್ಯ ಸಂಪಾದಕರೇ,

ಭಾನುವಾರ ಸಂಜೆ ನಮ್ಮ ವಿಜಯನಗರದ ಕಡೆ ಯಾವುದಾದ್ರೂ ವಾಟರ್ ವಾಶ್ ಅಂಗಡಿ ಮುಂದೆ ಹತ್ತು ನಿಮಿಷ ನಿಂತು ನೋಡಿ, ಸಕಲೇಶಪುರ, ಕನಕಪುರ, ರಾಮನಗರ ಕಡೆಯಿಂದ ವಾಪಸ್ ಬಂದಿರೋ ಜೀಪ್‌ಗಳು ಸಾಲಾಗಿ ನಿಂತಿರ್ತವೆ, ಬಾನೆಟ್‌ವರೆಗೂ ಕೆಂಪು ಕೆಸರು. ಹುಡುಗ್ರು ಖುಷಿಯಾಗಿರ್ತಾರೆ, ಅವರನ್ನ ನೋಡಿದ್ರೆ ನಂಗೂ ಖುಷಿನೇ. ಪ್ರೆಶರ್ ಹಾಕಿ ಬಾಡಿ ತೊಳೆಸ್ತಾರೆ, ಟೈರ್‌ಗೆ ಪಾಲಿಶ್ ಹೊಡೆಸ್ತಾರೆ, ಸೋಮವಾರ ಬೆಳಗ್ಗೆ ಅದೇ ಗಾಡಿ ರಿಂಗ್ ರೋಡಲ್ಲಿ ಸ್ಕೂಟರ್ ಹಿಂದೆ, ಸ್ಕೂಲ್ ಮಕ್ಕಳ ಆಟೋ ಹಿಂದೆ ಓಡ್ತಿರುತ್ತೆ. ಚಕ್ರದ ಹಿಂದೆ ಬ್ರೇಕಲ್ಲಿ ಸೇರ್ಕೊಂಡಿರೋ ಕೆಸರು ಮಾತ್ರ ಅಲ್ಲೇ ಒಣಗಿ ಕೂತಿರುತ್ತೆ, ಅದನ್ನ ಯಾರೂ ತೆಗೆಸಲ್ಲ. ಹೋದ ವರ್ಷದವರೆಗೂ ನಾನೂ ತೆಗೆಸ್ತಿರಲಿಲ್ಲ. ಅದಕ್ಕೇ ಈ ಪತ್ರ, ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಕತ್ತರಿಸದೆ ಹಾಕಿ.

ನಾನು ಪೀಣ್ಯದಲ್ಲಿ 28 ವರ್ಷ ಲೇತ್ ಮೇಲೆ ಕೆಲಸ ಮಾಡಿ ರಿಟೈರ್ ಆದವನು. ಕಾಡು ಗುಡ್ಡ ಸುತ್ತೋ ಆಸೆ ಮೊದಲಿಂದ ಇತ್ತು, ರಿಟೈರ್ ಆದ್ಮೇಲೆ ಒಂದು ಸೆಕೆಂಡ್ ಹ್ಯಾಂಡ್ ಫೋರ್ ವೀಲ್ ಡ್ರೈವ್ ಜೀಪ್ ತಗೊಂಡೆ, ಮುಂದೆ ಡಿಸ್ಕ್ ಬ್ರೇಕ್ (ಚಕ್ರದ ಜೊತೆ ತಿರುಗೋ ತಟ್ಟೆಯನ್ನ ಒಳಗಿಂದ ಒಂದು, ಹೊರಗಿಂದ ಒಂದು ಪ್ಯಾಡ್ ಒತ್ತಿ ಹಿಡಿಯೋದು), ಹಿಂದೆ ಡ್ರಮ್ ಬ್ರೇಕ್. ಮಳೆಗಾಲದಲ್ಲಿ ಮಗಳ ಜೊತೆ ಸಕಲೇಶಪುರದ ಕಡೆ ಹೋಗಿದ್ದೆ, ಎರಡು ದಿನ ಹಳ್ಳ, ಕೆಸರು, ಕಾಫಿ ತೋಟದ ದಾರಿ. ವಾಪಸ್ ಬಂದು ವಾಟರ್ ವಾಶ್ ಮಾಡಿಸಿ, ಆಮೇಲೆ ಒಂದು ಗ್ಯಾರೇಜಲ್ಲಿ ಜನರಲ್ ಸರ್ವಿಸ್‌ಗೂ ಬಿಟ್ಟೆ. ಬಿಲ್‌ನಲ್ಲಿ ಬ್ರೇಕ್ ಕ್ಲೀನಿಂಗ್ ಅಂತ ಬರೆದು ದುಡ್ಡೂ ತಗೊಂಡಿದ್ರು. ಆಮೇಲೆ ಬ್ರೇಕ್ ಒತ್ತಿದಾಗ ಗಾಡಿ ಸ್ವಲ್ಪ ಬಲಕ್ಕೆ ಎಳೀತಿತ್ತು, ಕೇಳಿದ್ದಕ್ಕೆ ಅಲೈನ್‌ಮೆಂಟ್ ಇರಬೇಕು ಸರ್ ಅಂದ್ರು, ನಾನೂ ಒಪ್ಕೊಂಡೆ.

ಒಂದು ತಿಂಗಳಾದ್ಮೇಲೆ ಮನೆಯವರನ್ನೆಲ್ಲ ಕೂರಿಸ್ಕೊಂಡು ನಂದಿ ಬೆಟ್ಟಕ್ಕೆ ಹೋಗಿದ್ವಿ. ಇಳಿಯುವಾಗ ಮುಂದೆ ಕಾರುಗಳ ಸಾಲು, ನಾನು ಮೂರನೇ ಗೇರಲ್ಲಿ ಬ್ರೇಕ್ ಮೇಲೇ ಕಾಲಿಟ್ಕೊಂಡು ಇಳೀತಿದ್ದೆ. ಅರ್ಧ ದಾರಿಗೆ ಸುಟ್ಟ ವಾಸನೆ ಬಂತು. ಹೆಂಡತಿ 'ಏನ್ರೀ ಇದು ವಾಸನೆ' ಅಂತ ಕೇಳೋದಕ್ಕೂ ಮುಂದಿನ ತಿರುವಲ್ಲಿ ಪೆಡಲ್ ಸ್ಪಂಜಿನ ಥರ ಮೆತ್ತಗಾಗಿ ಕೆಳಗೆ ಹೋಗೋದಕ್ಕೂ ಸರಿಹೋಯ್ತು. ಮೂರು ಸಲ ಪಂಪ್ ಮಾಡಿದೆ, ಸ್ವಲ್ಪ ಹಿಡೀತು, ಗೇರ್ ಎರಡು, ಒಂದು ಅಂತ ಇಳಿಸಿ ಹ್ಯಾಂಡ್ ಬ್ರೇಕ್ ಎಳೆದು ಎಡಕ್ಕೆ ಗೋಡೆ ಪಕ್ಕ ನಿಲ್ಲಿಸಿದೆ. ಎಡಗಡೆ ಮುಂದಿನ ಚಕ್ರದಿಂದ ತೆಳ್ಳಗೆ ಹೊಗೆ ಬರ್ತಿತ್ತು. ಮುಕ್ಕಾಲು ಗಂಟೆ ಅಲ್ಲೇ ಕೂತ್ವಿ, ಆಮೇಲೆ ಪೆಡಲ್ ಒತ್ತಿ ನೋಡಿದ್ರೆ ಮೊದಲಿನ ಹಾಗೇ ಗಟ್ಟಿ! ಇದೇ ಮೋಸ ನೋಡಿ. ತಣ್ಣಗಾದ ಮೇಲೆ ಎಲ್ಲ ಸರಿಯಾದ ಹಾಗೆ ಕಾಣುತ್ತೆ, ಜನ ಏನೋ ಆಯ್ತು ಅಂತ ಮರೆತುಬಿಡ್ತಾರೆ, ಮುಂದಿನ ಘಾಟಲ್ಲಿ ಮತ್ತೆ ಅದೇ ಆಗುತ್ತೆ. ಒಂದನೇ ಗೇರಲ್ಲೇ ನಿಧಾನಕ್ಕೆ ಇಳಿದು ಮನೆ ಸೇರಿದ್ವಿ.

ಮಾರನೇ ದಿನ ಜಾಕ್ ಕೊಟ್ಟು ಕೆಳಗೆ ಸ್ಟ್ಯಾಂಡ್ ಇಟ್ಟು ಆ ಚಕ್ರ ನಾನೇ ಬಿಚ್ಚಿದೆ. ಹೊರಗಡೆ ಪ್ಯಾಡ್ ಅರ್ಧಕ್ಕಿಂತ ಜಾಸ್ತಿ ಉಳಿದಿದೆ, ಟಾರ್ಚ್ ಹಾಕಿ ಚಕ್ರದ ಸಂದಿಯಲ್ಲಿ ನೋಡೋರಿಗೆ ಕಾಣೋದು ಅದೊಂದೇ. ಒಳಗಡೆ ಪ್ಯಾಡ್ ಕೈಗೆ ತಗೊಂಡ್ರೆ ಬರೀ ಕಬ್ಬಿಣದ ಪ್ಲೇಟ್, ಮೆಟೀರಿಯಲ್ ಒಂದು ಮೂಲೇಲಿ ಉಗುರಿನಷ್ಟು ಮಾತ್ರ. ಡಿಸ್ಕಿನ ಒಳಮೈಮೇಲೆ ಉಗುರು ಎಳೆದ್ರೆ ಗ್ರಾಮಾಫೋನ್ ಪ್ಲೇಟಿನ ಥರ ಗೆರೆ ಗೆರೆ ಸಿಗ್ತಿತ್ತು, ಅಂಚಲ್ಲಿ ನೀಲಿ ಬಣ್ಣ ತಿರುಗಿತ್ತು. ಪ್ಯಾಡ್‌ಗಳನ್ನ ಹಿಡ್ಕೊಂಡಿರೋ ಕ್ಯಾಲಿಪರ್ ಜಾರಾಡೋಕೆ ಅಂತ ಎರಡು ಪಿನ್ ಇರ್ತವಲ್ಲ, ಅದರಲ್ಲಿ ಕೆಳಗಿನದರ ರಬ್ಬರ್ ಬೂಟ್ ಹರಿದು ಒಳಗೆ ಕೆಸರು ಹೋಗಿ ಇಟ್ಟಿಗೆ ಥರ ಗಟ್ಟಿಯಾಗಿತ್ತು, ಸುತ್ತಿಗೆಯಲ್ಲಿ ತಟ್ಟಿದ್ರೂ ಅಲ್ಲಾಡಲಿಲ್ಲ. ಬ್ರೇಕ್ ಆಯಿಲ್ ಡಬ್ಬಿ ತೆಗೆದು ನೋಡಿದ್ರೆ ಕಾಫಿ ಡಿಕಾಕ್ಷನ್ ಬಣ್ಣ, ಹೊಸದು ಹೆಚ್ಚುಕಮ್ಮಿ ನೀರಿನ ಹಾಗೆ ತಿಳಿ ಇರುತ್ತೆ.

ಯಾಕೆ ಹೀಗಾಯ್ತು ಅಂತ ಹೇಳ್ತೀನಿ. ನಮ್ಮ ಗಾಡಿಗಳಲ್ಲಿ ಹೆಚ್ಚಿನವಕ್ಕೆ ಪೆಡಲ್ ಒತ್ತಿದಾಗ ಬ್ರೇಕ್ ಆಯಿಲ್ ತಳ್ಳೋ ಪಿಸ್ಟನ್ ಡಿಸ್ಕಿನ ಒಳಗಡೆ ಮಾತ್ರ ಇರುತ್ತೆ. ಅದು ಒಳಗಿನ ಪ್ಯಾಡನ್ನ ಡಿಸ್ಕಿಗೆ ಒತ್ತುತ್ತೆ, ಆಗ ಕ್ಯಾಲಿಪರ್ ಪಿನ್ ಮೇಲೆ ಹಿಂದಕ್ಕೆ ಜಾರಿ ಹೊರಗಿನ ಪ್ಯಾಡನ್ನ ಎಳ್ಕೊಳ್ಳುತ್ತೆ. ಪಿನ್ ಹಿಡ್ಕೊಂಡ್ರೆ ಒಳಗಿನ ಪ್ಯಾಡ್ ಒಂದೇ ಎಲ್ಲ ಕೆಲಸ ಮಾಡುತ್ತೆ, ಬ್ರೇಕ್ ಬಿಟ್ಟ ಮೇಲೂ ಉಜ್ತಾನೇ ಇರುತ್ತೆ, ಆ ಚಕ್ರ ಸರಿಯಾಗಿ ಹಿಡಿಯದೆ ಗಾಡಿ ಇನ್ನೊಂದು ಕಡೆ ಎಳೆಯುತ್ತೆ. ನನ್ನ ಗಾಡಿ ಬಲಕ್ಕೆ ಎಳೀತಿದ್ದಿದ್ದು ಅದಕ್ಕೇ, ಅಲೈನ್‌ಮೆಂಟಿಗೂ ಅದಕ್ಕೂ ಸಂಬಂಧ ಇರಲಿಲ್ಲ.

ಇನ್ನು ಬಿಸಿ. ಜನ, ಸಾಮಾನು ಸೇರಿ 1800 ಕೆಜಿ ಗಾಡಿಯನ್ನ 60 ಕಿಮೀ ಸ್ಪೀಡಿಂದ ಒಂದು ಸಲ ನಿಲ್ಲಿಸಿದ್ರೆ ಸುಮಾರು 250 ಕಿಲೋಜೂಲ್ ಶಾಖ ಬ್ರೇಕಿಗೆ ಹೋಗುತ್ತೆ. ಅದೇ ಗಾಡಿ 500 ಮೀಟರ್ ಎತ್ತರದಿಂದ ಬರೀ ಬ್ರೇಕ್ ಮೇಲೆ ಇಳಿದ್ರೆ ಅದರ 35 ಪಟ್ಟು. ಅಂದ್ರೆ ಇಳಿಯೋ ಅಷ್ಟೊತ್ತಲ್ಲಿ 35 ಸಲ 60ರಿಂದ ನಿಲ್ಲಿಸಿದ ಹಾಗೆ, ಮಧ್ಯೆ ತಣ್ಣಗಾಗೋಕೆ ಪುರುಸೊತ್ತೇ ಇಲ್ಲದೆ. ಬ್ರೇಕ್ ಆಯಿಲ್ ಗಾಳಿಯಲ್ಲಿರೋ ತೇವ ಹೀರ್ಕೊಳ್ಳೋ ಜಾತಿದು, ಆಯಿಲ್ ಹೋಗೋ ರಬ್ಬರ್ ಪೈಪ್, ಅಂದ್ರೆ ಹೋಸ್ ಮೂಲಕವೂ ಸ್ವಲ್ಪ ಸ್ವಲ್ಪ ಹೀರುತ್ತೆ. ಡಾಟ್ ಅನ್ನೋದು ಬ್ರೇಕ್ ಆಯಿಲಿನ ದರ್ಜೆ. ಡಾಟ್ 3 ಆಯಿಲ್ ಹೊಸದಾಗಿದ್ದಾಗ ಕನಿಷ್ಠ 205 ಡಿಗ್ರಿವರೆಗೆ ಕುದಿಯಬಾರದು, ತೇವ ಸೇರಿದ ಮೇಲೆ ಆ ಲೆಕ್ಕ 140ಕ್ಕೆ ಇಳಿಯುತ್ತೆ. ಡಾಟ್ 4 ಆದ್ರೆ 230, ತೇವ ಸೇರಿದ್ರೆ 155. ಕುದ್ರೆ ಆವಿ ಆಗುತ್ತೆ, ಆವಿಯನ್ನ ಒತ್ತಿದ್ರೆ ಅದು ಕುಗ್ಗುತ್ತೆ ಅಷ್ಟೇ, ಪಿಸ್ಟನ್ನಿಗೆ ಒತ್ತಡ ಹೋಗಲ್ಲ, ಪೆಡಲ್ ನೆಲಕ್ಕೆ. ಅದಕ್ಕೇ ಗಾಡಿ ಓಡಲಿ ಬಿಡಲಿ ಎರಡು ವರ್ಷಕ್ಕೊಂದು ಸಲ ಆಯಿಲ್ ಬದಲಾಯಿಸಲೇಬೇಕು, ಹಳ್ಳ ದಾಟೋ ಗಾಡಿಗೆ ವರ್ಷಕ್ಕೊಮ್ಮೆ ಬದಲಾಯಿಸಿದ್ರೂ ಜಾಸ್ತಿ ಏನಲ್ಲ ಅನ್ನೋದು ನನ್ನ ಅಭಿಪ್ರಾಯ. ಡಬ್ಬಿ ಮುಚ್ಚಳದ ಮೇಲೆ ಯಾವ ಡಾಟ್ ಅಂತ ಬರೆದಿರುತ್ತೆ, ಅದನ್ನೇ ಹಾಕಿ. ಡಾಟ್ 5 ಅಂತ ಸಿಲಿಕೋನ್‌ದು ಬೇರೆ ಬರುತ್ತೆ, ಅದನ್ನ ಇದರ ಜೊತೆ ಬೆರೆಸಲೇಬಾರದು.

ಗಾಡಿ ಬಿಡಿಭಾಗ ಸಿಗೋ ಜೆ.ಸಿ. ರೋಡಿಗೆ ಹೋಗಿ ಪ್ಯಾಡ್, ಡಿಸ್ಕ್, ಪಿನ್ ಬೂಟ್, ಸೀಲ್ (ಪಿಸ್ಟನ್ ಸುತ್ತ ಆಯಿಲ್ ಸೋರದ ಹಾಗೆ ತಡೆಯೋ ರಬ್ಬರ್ ರಿಂಗು) ಕಿಟ್ ತಂದೆ. ಎಡಗಡೆ ಮಾತ್ರ ಹಾಳಾಗಿದೆ ಅಂತ ಒಂದೇ ಕಡೆ ಹಾಕೋ ಹಾಗಿಲ್ಲ, ಮುಂದಿನ ಎರಡೂ ಚಕ್ರಕ್ಕೆ ಒಟ್ಟಿಗೇ ಹಾಕಬೇಕು. ಡಿಸ್ಕ್ ಸ್ಕಿಮ್ ಮಾಡಿ, ಅಂದ್ರೆ ಲೇತ್ ಮೇಲೆ ಮೇಲ್ಮೈ ತೆಳ್ಳಗೆ ಕೆತ್ತಿ ನುಣುಪು ಮಾಡಿ, ಉಳಿಸ್ಕೊಳ್ಳೋಣ ಅಂತ ಮೊದಲು ಅನ್ನಿಸ್ತು, ನನ್ನದೇ ಕಸುಬು ಬೇರೆ. ಆದ್ರೆ ಡಿಸ್ಕಿನ ಅಂಚಲ್ಲೋ ಹಬ್ ಹತ್ರಾನೋ ಕನಿಷ್ಠ ಎಷ್ಟು ದಪ್ಪ ಇರಬೇಕು ಅಂತ ಅಚ್ಚು ಹಾಕಿರ್ತಾರೆ, ಮೈಕ್ರೋಮೀಟರ್ ಇಟ್ಟು ನೋಡಿದ್ರೆ ಆಗಲೇ ಅದಕ್ಕಿಂತ ಕಮ್ಮಿ ಇತ್ತು. ತೆಳ್ಳಗಿನ ಡಿಸ್ಕ್ ಶಾಖ ತಡೆಯಲ್ಲ, ಬಾಗುತ್ತೆ, ಬಿರುಕು ಬಿಡುತ್ತೆ, ಅಂಥದ್ದನ್ನ ಲೇತ್ ಮೇಲೆ ಏರಿಸೋ ಟರ್ನರ್ ಅಣ್ಣತಮ್ಮಂದಿರಿಗೂ ಹೇಳ್ತೀನಿ, ಗಿರಾಕಿ ಎಷ್ಟೇ ಕೇಳಿದ್ರೂ ಮಾಡ್ಕೊಡಬೇಡಿ. ಹೊಸ ಡಿಸ್ಕ್ ಕೂರಿಸೋ ಮುಂಚೆ ಹಬ್ ಮೇಲಿನ ತುಕ್ಕನ್ನ ಉಜ್ಜಿ ತೆಗೀಬೇಕು, ಇಲ್ಲಾಂದ್ರೆ ಡಿಸ್ಕ್ ಓಲಾಡುತ್ತೆ, ಕೂದಲೆಳೆಯಷ್ಟು ಓಲಾಡಿದ್ರೂ ಪೆಡಲಲ್ಲಿ ನಡುಕ ಗೊತ್ತಾಗುತ್ತೆ.

ಕೆಲಸಕ್ಕೆ ಸಹಾಯಕ್ಕೆ ಬಂದ ಮೆಕ್ಯಾನಿಕ್ ಹುಡುಗ ಒಳ್ಳೆಯವನು, ಕೈ ಚುರುಕು, ಆದ್ರೆ ಅವನಿಗೆ ಯಾರೂ ಸರಿಯಾಗಿ ಕಲಿಸಿಲ್ಲ. ಬ್ರೇಕ್ ಪುಡಿಯನ್ನ ಏರ್ ಹಾಕಿ ಊದೋಕೆ ಹೋದ, ಆ ಪುಡಿ ಅವನ ಎದೆಗೇ ಹೋಗೋದು, ನೀರಾದ್ರೂ ಸರಿ ಬ್ರೇಕ್ ಕ್ಲೀನರ್ ಆದ್ರೂ ಸರಿ, ಹಾಕಿ ತೊಳಿ ಅಂದೆ. ಕ್ಯಾಲಿಪರನ್ನ ಹೋಸ್ ಮೇಲೆ ನೇತಾಕಿದ, ಹೋಸ್ ಒಳಗೊಳಗೇ ಹರಿದುಹೋಗುತ್ತೆ ಕಣಪ್ಪ ಅಂತ ತಂತಿ ಕಟ್ಟಿ ಸ್ಪ್ರಿಂಗಿಗೆ ತೂಗುಹಾಕಿಸಿದೆ. ಸೀಲನ್ನ ಪೆಟ್ರೋಲಲ್ಲಿ ಅದ್ದೋಕೆ ಹೋದ, ಪಿನ್ನಿಗೆ ಬೇರಿಂಗ್ ಗ್ರೀಸ್ ತಗೊಂಡು ಬಂದ. ಇದನ್ನ ಮಾತ್ರ ನಾನು ಎಲ್ಲರಿಗೂ ಕೈಮುಗಿದು ಹೇಳ್ತೀನಿ, ಬ್ರೇಕಿನ ರಬ್ಬರ್‌ಗೆ ಪೆಟ್ರೋಲ್, ಡೀಸೆಲ್, ಇಂಜಿನ್ ಆಯಿಲ್, ಮಾಮೂಲಿ ಗ್ರೀಸ್ ಯಾವುದೂ ಆಗಲ್ಲ, ರಬ್ಬರ್ ಊದ್ಕೊಂಡು ಪಿಸ್ಟನ್ನು, ಪಿನ್ನು ಎರಡನ್ನೂ ಕಚ್ಕೊಳ್ಳುತ್ತೆ. ಸೀಲನ್ನ ಹೊಸ ಬ್ರೇಕ್ ಆಯಿಲಲ್ಲೇ ಒರೆಸಿ ಹಾಕಬೇಕು, ಪಿನ್ನಿಗೆ ಬ್ರೇಕಿಗೇ ಅಂತ ಬರೋ ಸಿಲಿಕೋನ್ ಗ್ರೀಸ್ ಹಾಕಬೇಕು. ನಾನು ಹೇಳಿದ್ಮೇಲೆ ಆ ಹುಡುಗ ಒಂದೊಂದನ್ನೂ ಶ್ರದ್ಧೆಯಿಂದ ಮಾಡಿದ, 'ಅಂಕಲ್, ಇಷ್ಟು ದಿನ ನಾವು ಹಂಗೇ ಹಾಕ್ತಿದ್ವಿ' ಅಂದ.

ಬ್ರೇಕ್ ಆಯಿಲ್ ಪೈಪಲ್ಲಿ ಸೇರಿರೋ ಏರ್ ತೆಗೆಯೋದಕ್ಕೆ ಮಗಳು ಪೆಡಲ್ ಮೇಲೆ ಕೂತ್ಲು. ಪೆಡಲ್ ಒತ್ತಿದಾಗ ಆಯಿಲನ್ನ ತಳ್ಳೋ ಮಾಸ್ಟರ್ ಸಿಲಿಂಡರ್ ನಮ್ಮಲ್ಲಿ ಡ್ರೈವರ್ ಕಡೆ ಅಂದ್ರೆ ಬಲಕ್ಕಿರುತ್ತೆ, ಅದರಿಂದ ತುಂಬಾ ದೂರ ಇರೋ ಹಿಂದಿನ ಎಡ ಚಕ್ರದಿಂದ ಶುರುಮಾಡಿದ್ವಿ, ಎಲ್ಲ ಗಾಡಿಗೂ ಇದೇ ಕ್ರಮ ಇರಲ್ಲ, ಮ್ಯಾನುಯಲ್ ನೋಡ್ಕೊಳ್ಳಿ, ಎಬಿಎಸ್ (ಜೋರಾಗಿ ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದ ಹಾಗೆ ತಡೆಯೋದು) ಇರೋ ಗಾಡಿಗೆ ಕೆಲವು ಸಲ ಸ್ಕ್ಯಾನರ್ ಬೇಕಾಗುತ್ತೆ. ಚಕ್ರದ ಹತ್ರ ಏರ್ ಬಿಡೋಕೆ ಇರೋ ನಿಪ್ಪಲ್‌ಗೆ ಪೈಪ್ ಸಿಕ್ಕಿಸಿ ಇನ್ನೊಂದು ತುದಿ ಬಾಟಲಿಯಲ್ಲಿ ಹೊಸ ಆಯಿಲಿನೊಳಗೆ ಮುಳುಗಿಸಿ, ಒತ್ತಮ್ಮ ಅಂದ್ರೆ 'ಒತ್ತಿದೀನಿ ಅಪ್ಪಾ', ಹಿಡ್ಕೊ ಬಿಡ್ಬೇಡ, ನಿಪ್ಪಲ್ ಸಡಿಲ ಮಾಡಿದ್ರೆ ಗುಳ್ಳೆ ಬರುತ್ತೆ, ಮುಚ್ಚಿದ ಮೇಲೆ ಹೂಂ ಈಗ ಬಿಡು. ಹೀಗೆ ಒಂದೂವರೆ ಗಂಟೆ. ಮೇಲೆ ಡಬ್ಬಿಯಲ್ಲಿ ಆಯಿಲ್ ಖಾಲಿಯಾಗದ ಹಾಗೆ ಹೆಂಡತಿ ಸುರೀತಿದ್ದಳು. ಕೊನೆಗೆ ಡಿಕಾಕ್ಷನ್ ಬಣ್ಣ ಹೋಗಿ ತಿಳಿ ಆಯಿಲ್ ಬಂತು. ಹೊಸ ಪ್ಯಾಡ್ ಹಾಕಿದ ಮೇಲೆ ಗಾಡಿ ಅಲ್ಲಾಡಿಸೋ ಮುಂಚೆ ಪೆಡಲ್ ಗಟ್ಟಿಯಾಗೋವರೆಗೂ ಪಂಪ್ ಮಾಡಲೇಬೇಕು, ಮೊದಲ ಒತ್ತಿಗೆ ಬ್ರೇಕೇ ಇರಲ್ಲ, ಹಿಂದಕ್ಕೆ ತೆಗೆಯೋಕೆ ಹೋಗಿ ಗೇಟಿಗೆ ಗುದ್ದಿರೋರನ್ನ ನಾನು ನೋಡಿದ್ದೀನಿ. ಆಮೇಲೆ ಖಾಲಿ ರೋಡಲ್ಲಿ 50ರಿಂದ 10ಕ್ಕೆ ಒಂದು ಹತ್ತು ಸಲ ಹದವಾಗಿ ಬ್ರೇಕ್ ಹಿಡಿದು, ನಡುನಡುವೆ ತಣ್ಣಗಾಗೋಕೆ ಬಿಟ್ಟು ಪ್ಯಾಡ್ ಕೂರಿಸಬೇಕು. ಹಿಂದಿನ ಡ್ರಮ್ ಬಿಚ್ಚಿದಾಗ ಒಂದು ಹಿಡಿ ಒಣ ಮಣ್ಣು ಉದುರಿತು, ಅದನ್ನೂ ಮರೀಬೇಡಿ.

ದೊಡ್ಡ ಟೈರ್ ಹಾಕಿಸೋ ಹುಡುಗ್ರಿಗೆ ಒಂದು ಮಾತು. 29 ಇಂಚಿನ ಜಾಗಕ್ಕೆ 33 ಇಂಚಿಂದು ಹಾಕಿದ್ರೆ, ಕಾಲಲ್ಲಿ ಅಷ್ಟೇ ಒತ್ತಿದಾಗ ರೋಡಿಗೆ ಸಿಗೋ ಬ್ರೇಕ್ ಹಿಡಿತ ಸುಮಾರು ನೂರಕ್ಕೆ 12ರಷ್ಟು ಕಮ್ಮಿಯಾಗುತ್ತೆ, ಟೈರ್ ತೂಕ ಬೇರೆ. ಲಿಫ್ಟ್ ಮಾಡಿಸಿದ್ರೆ, ಅಂದ್ರೆ ಗಾಡಿ ಎತ್ತರ ಮಾಡಿಸಿದ್ರೆ, ಹೋಸ್ ಉದ್ದ ಸಾಕಾಗುತ್ತಾ ಅಂತ ಚಕ್ರ ಪೂರ್ತಿ ಕೆಳಗೆ ಇಳಿಬಿಟ್ಟು ನೋಡಿ. ಟೈರಿಗೆ, ಲೈಟಿಗೆ, ವಿಂಚಿಗೆ ಲಕ್ಷ ಲಕ್ಷ ಹಾಕ್ತೀರಿ ಕಣ್ರಪ್ಪ, ಒಂದು ಜೊತೆ ಪಿನ್ ಬೂಟಿಗೆ ಎಷ್ಟಾಗುತ್ತೆ ಅಂತ ಕೇಳಿ ನೋಡಿ.

ಈಗ ನನ್ನ ಬೇಡಿಕೆ. ನಮ್ಮ ಸ್ವಂತ ಗಾಡಿಗಳಿಗೆ ಹೊಗೆ ಟೆಸ್ಟ್ ಕಡ್ಡಾಯ, ಸರ್ಟಿಫಿಕೇಟ್ ಇಲ್ಲಾಂದ್ರೆ ಫೈನ್, ಅದು ಸರಿ. ಆದ್ರೆ ಬ್ರೇಕನ್ನ ಸರ್ಕಾರದ ಕಡೆಯಿಂದ ಯಾರಾದ್ರೂ ನೋಡೋದು 15 ವರ್ಷ ಆದ್ಮೇಲೆ, ರಿಜಿಸ್ಟ್ರೇಶನ್ ರಿನ್ಯೂ ಮಾಡಿಸುವಾಗ. ಟ್ಯಾಕ್ಸಿ, ಲಾರಿಗೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್‌ಸಿ, ಅಂದ್ರೆ ಗಾಡಿ ಓಡಿಸೋಕೆ ಯೋಗ್ಯ ಅಂತ ಕೊಡೋ ಫಿಟ್‌ನೆಸ್ ಸರ್ಟಿಫಿಕೇಟ್, ಇದೆ. ಕೆಸರಲ್ಲಿ ಹಳ್ಳದಲ್ಲಿ ಓಡೋ ಸ್ವಂತ ಜೀಪಿಗೂ ಮೂರು ವರ್ಷಕ್ಕೊಮ್ಮೆಯಾದ್ರೂ ಬ್ರೇಕ್ ಟೆಸ್ಟ್ ಇರಲಿ, ಸಾರಿಗೆ ಇಲಾಖೆಯವರು ಇದನ್ನ ಯೋಚಿಸಬೇಕು. ಗ್ಯಾರೇಜ್ ಮಾಲೀಕರು ಬಿಲ್ಲಲ್ಲಿ ಬ್ರೇಕ್ ಕ್ಲೀನಿಂಗ್ ಅಂತ ಬರೆಯೋದಾದ್ರೆ ನಾಲ್ಕೂ ಚಕ್ರ ಬಿಚ್ಚಿ, ಒಳಗಿನ ಪ್ಯಾಡ್ ಎಷ್ಟು ಮಿಲಿಮೀಟರ್ ಉಳಿದಿದೆ ಅಂತ ಅದೇ ಬಿಲ್ಲಲ್ಲಿ ಬರೀಲಿ, 3ಕ್ಕೆ ಬಂದಿದ್ರೆ ಬದಲಾಯಿಸಿ ಹಳೇದನ್ನ ಗಿರಾಕಿ ಕೈಗೆ ಕೊಡಲಿ. ನಿಮ್ಮ ಪತ್ರಿಕೆಯ ವಾಹನ ಪುಟದಲ್ಲಿ ಪ್ರತಿ ವಾರ ಹೊಸ ಗಾಡಿಗಳ ಪರಿಚಯ ಚೆನ್ನಾಗಿ ಬರುತ್ತೆ, ಅದರ ಪಕ್ಕದಲ್ಲೇ ಇಂಥ ರಿಪೇರಿ ವಿಷಯಕ್ಕೆ ಒಂದು ಕಾಲಂ ಜಾಗ ಕೊಡಿ, ಕನ್ನಡದಲ್ಲಿ ಓದಿ ಕಲಿಯೋ ಮೆಕ್ಯಾನಿಕ್ ಹುಡುಗ್ರು ಈ ಊರಲ್ಲಿ ಸಾವಿರಾರು ಜನ ಇದ್ದಾರೆ. ನನ್ನ ಗಾಡಿಯಿಂದ ತೆಗೆದ ಆ ಎರಡು ಪ್ಯಾಡನ್ನ, ಒಳಗಿನದು ಹೊರಗಿನದು ಎರಡನ್ನೂ, ಎತ್ತಿಟ್ಟಿದ್ದೀನಿ. ಫೋಟೋ ಬೇಕಿದ್ರೆ ಕಳಿಸ್ತೀನಿ.

ಇಂತಿ ನಿಮ್ಮ ಓದುಗ,
ನಿವೃತ್ತ ಟರ್ನರ್, ವಿಜಯನಗರ, ಬೆಂಗಳೂರು