ನಾಕೌಟ್‌ಗೆ ಮುಂಚೆ ಬೌಲರ್‌ಗಳ ಕಡೆ ನೋಡಿ

ಸಂಪಾದಕರಿಗೆ ನಮಸ್ಕಾರ.

ರಣಜಿ ಟ್ರೋಫಿಯ ನಾಕೌಟ್‌ಗೆ, ಅಂದರೆ ಸೋತರೆ ಹೊರಗೆ ಅನ್ನುವ ಹಂತಕ್ಕೆ, ಮುಂಚೆ ಕರ್ನಾಟಕಕ್ಕೆ ಇನ್ನೊಬ್ಬ ಗಟ್ಟಿ ಬ್ಯಾಟ್ಸ್‌ಮನ್ ಬೇಕು ಅಂತ ಮೊನ್ನೆ ಓದುಗರೊಬ್ಬರು ಇದೇ ಅಂಕಣದಲ್ಲಿ ಬರೆದಿದ್ದರು. ನನಗೆ ಹಾಗೆ ಅನ್ನಿಸುವುದಿಲ್ಲ. ನಮಗೆ ಬೇಕಾಗಿರುವುದು ಬೌಲಿಂಗ್. ಅದರಲ್ಲೂ ಚೆಂಡು ಹಳೆಯದಾದ ಮೇಲೆ, ಮೂರನೇ ದಿನ ಮಧ್ಯಾಹ್ನ, ಪಿಚ್‌ನಲ್ಲಿ ಏನೂ ಇಲ್ಲ ಅನ್ನುವಾಗ ವಿಕೆಟ್ ಕೀಳುವ ಬೌಲಿಂಗ್.

ಸುಮ್ನೆ ಹೇಳುತ್ತಿಲ್ಲ. 2018-19ರ ಸೆಮಿಫೈನಲ್ ನೆನಪಿದೆಯಾ? ಚಿನ್ನಸ್ವಾಮಿಯಲ್ಲಿ ಸೌರಾಷ್ಟ್ರಕ್ಕೆ 279 ರನ್ ಗುರಿ ಕೊಟ್ಟಿದ್ದೆವು. 23 ರನ್ನಿಗೆ ಮೂರು ವಿಕೆಟ್ ಬಿತ್ತು. ಫೈನಲ್‌ಗೆ ಹೋದ ಹಾಗೇ ಅಂದುಕೊಂಡು ನಾನು ತೋಟದ ಕಡೆ ಹೋದೆ. ವಾಪಸ್ ಬಂದು ನೋಡಿದರೆ ಪೂಜಾರ, ಜಾಕ್ಸನ್ ಇಬ್ಬರೂ ಇನ್ನೂ ಆಡುತ್ತಲೇ ಇದ್ದರು. ಇಬ್ಬರದೂ ಶತಕ. ಪೂಜಾರ ಅಂತೂ 131 ಹೊಡೆದು ಕೊನೆಯವರೆಗೂ ನಿಂತರು. ಐದು ವಿಕೆಟ್‌ಗಳಿಂದ ಸೋತೆವು. 2022-23ರಲ್ಲಿ ಅದೇ ಮೈದಾನ, ಅದೇ ಸೌರಾಷ್ಟ್ರ, ಮತ್ತೆ ಸೆಮಿಫೈನಲ್. ಮಯಂಕ್ ಅಗರ್‌ವಾಲ್ ಒಬ್ಬರೇ 249 ಹೊಡೆದು ತಂಡವನ್ನು 407ಕ್ಕೆ ಮುಟ್ಟಿಸಿದರು. ಸೌರಾಷ್ಟ್ರದವರು ತಿರುಗಿ 527 ಹೊಡೆದರು. ವಾಸವಾಡ 202, ಜಾಕ್ಸನ್ 160. ಮೊದಲ ಇನಿಂಗ್ಸ್‌ನಲ್ಲಿ 407 ಮಾಡಿಯೂ ಸೋತಿದ್ದೇವೆ ಅಂದರೆ ಕೊರತೆ ಬ್ಯಾಟಿಂಗ್‌ನಲ್ಲಿ ಇತ್ತಾ?

ಬ್ಯಾಟಿಂಗ್ ಕೈಕೊಟ್ಟ ಪಂದ್ಯಗಳೂ ಇವೆ, ಇಲ್ಲ ಅನ್ನುವುದಿಲ್ಲ. 2017-18ರ ಸೆಮಿಯಲ್ಲಿ ವಿದರ್ಭದ ಎದುರು 198 ಹೊಡೆಯಲಾಗದೆ ಐದೇ ಐದು ರನ್ನಿಂದ ಸೋತಿದ್ದು ಇವತ್ತಿಗೂ ಹೊಟ್ಟೆ ಉರಿಸುತ್ತದೆ. ಆದರೆ ಅವತ್ತು ನಮ್ಮನ್ನು ಕೆಡವಿದ್ದು ಯಾರು? ಗುರ್ಬಾನಿ ಅನ್ನೋ ಹುಡುಗ, ಒಂದೇ ಪಂದ್ಯದಲ್ಲಿ 12 ವಿಕೆಟ್. ವಿದರ್ಭ ಆ ವರ್ಷ ಕಪ್ಪನ್ನೇ ಗೆದ್ದಿತು.

ನಾವು ಗೆದ್ದಾಗಲೂ ಹಾಗೇ ಅಲ್ವಾ? 2013-14, 2014-15, ಎರಡು ವರ್ಷ ಸಾಲಾಗಿ ಕಪ್ ಬಂತು. ತಮಿಳುನಾಡಿನ ವಿರುದ್ಧದ ಫೈನಲ್ ಅಂದ ಕೂಡಲೇ ಎಲ್ಲರೂ ಕರುಣ್ ನಾಯರ್ ಅವರ 328 ಹೇಳುತ್ತಾರೆ. ಹೇಳಲೇಬೇಕಾದ ಆಟ ಅದು. ಆದರೆ ಮೊದಲ ದಿನವೇ ತಮಿಳುನಾಡನ್ನು 134ಕ್ಕೆ ಮುಗಿಸಿ ವಿನಯ್ ಕುಮಾರ್ ಐದು ವಿಕೆಟ್ ತೆಗೆಯದಿದ್ದರೆ ಕರುಣ್ ಅಷ್ಟು ನಿರಾಳವಾಗಿ ಆಡಲು ಆಗುತ್ತಿತ್ತಾ? ಆಗ ವಿನಯ್, ಮಿಥುನ್, ಅರವಿಂದ್ ಮೂವರೂ ಇದ್ದರು. ಒಬ್ಬರು ಸ್ವಿಂಗ್, ಒಬ್ಬರು ವೇಗ, ಒಬ್ಬರು ಎಡಗೈ. ಆಮೇಲೆ ಹತ್ತು ವರ್ಷ ಕಪ್ ಈ ಕಡೆ ಬರಲೇ ಇಲ್ಲ.

ಈಗ ಏನು ಮಾಡಬೇಕು ಅನ್ನುವುದಕ್ಕೆ ಬರುತ್ತೇನೆ. ಲೀಗ್ ಪಂದ್ಯ ನಾಲ್ಕು ದಿನ, ನಾಕೌಟ್ ಐದು ದಿನ. ಕೇಳಲಿಕ್ಕೆ ಒಂದೇ ದಿನ ಜಾಸ್ತಿ. ಆದರೆ ಆ ಒಂದು ದಿನ ಬರುವುದು ವೇಗದ ಬೌಲರ್ ಕಾಲಿನ ಮೇಲೆ. ಇದರ ಜೊತೆಗೆ ಈಗ ರಣಜಿಯನ್ನು ಎರಡು ತುಂಡು ಮಾಡಿದ್ದಾರೆ, ನಡುವೆ ಬಿಳಿ ಚೆಂಡಿನ ಟೂರ್ನಿಗಳು ಬರುತ್ತವೆ, ಇಪ್ಪತ್ತು ಓವರ್‌ನ ಮುಷ್ತಾಕ್ ಅಲಿ ಮತ್ತು ಐವತ್ತು ಓವರ್‌ನ ವಿಜಯ್ ಹಜಾರೆ. ವಾರಗಟ್ಟಲೆ ದಿನಕ್ಕೆ ನಾಲ್ಕು ಓವರ್, ಹತ್ತು ಓವರ್ ಹಾಕಿ ಅಭ್ಯಾಸವಾದ ಮೈ, ಜನವರಿಯಲ್ಲಿ ಕೆಂಪು ಚೆಂಡು ಹಿಡಿದ ಕೂಡಲೇ ಒಂದೇ ದಿನ ಇಪ್ಪತ್ತು ಓವರ್ ಹಾಕು ಅಂದರೆ ಹೇಗೆ ತಡೆಯುತ್ತದೆ? ಮೀನಖಂಡ ಹಿಡಿಯುತ್ತದೆ, ಇಲ್ಲವೇ ಬೆನ್ನು. ಬಿಳಿ ಚೆಂಡಿನ ಟೂರ್ನಿ ನಡೆಯುವಾಗಲೇ ಒಂದಿಬ್ಬರು ಬೌಲರ್‌ಗಳನ್ನು ಅದರಿಂದ ಬಿಡಿಸಿ, ರಣಜಿಯಲ್ಲಿ ಬಳಸುವ ಕೆಂಪು ಎಸ್‌ಜಿ ಚೆಂಡು ಕೊಟ್ಟು, ಬೆಳಿಗ್ಗೆ ಒಂದು ಸ್ಪೆಲ್ (ಒಂದೇ ಸಲಕ್ಕೆ ಹಾಕುವ ಕೆಲವು ಓವರ್) ಸಂಜೆ ಒಂದು ಸ್ಪೆಲ್ ಅಂತ ನಿಧಾನವಾಗಿ ಏರಿಸುತ್ತಾ ಹೋಗಬೇಕು. ಕಡೇ ಲೀಗ್ ಪಂದ್ಯದ ಹೊತ್ತಿಗೆ ಮುಂದಿನ ಹಂತ ಖಚಿತವಾಗಿದ್ದರೆ ಮುಖ್ಯ ವೇಗಿಗೆ ರಜೆ ಕೊಡಿ. ನಮ್ಮ ಕಡೆ ಅಡಿಕೆ ಕೊಯ್ಲಿನ ಕಾಲದಲ್ಲಿ, ಮರ ಹತ್ತಿ ಅಡಿಕೆ ಕೊನೆ ಇಳಿಸುವ ಒಳ್ಳೆ ಕೊನೆಗಾರನನ್ನು ಯಾರೂ ಒಂದೇ ವಾರದಲ್ಲಿ ಇಡೀ ತೋಟ ಹತ್ತಿಸಿ ಮುಗಿಸುವುದಿಲ್ಲ. ಅವನು ಬಿದ್ದರೆ ಉಳಿದ ಕೊನೆ ಇಳಿಸುವವರು ಯಾರು?

ಈ ವಿಷಯ ನನಗೆ ಸ್ವಂತ ಮೈಯಲ್ಲೇ ಅನುಭವಿಸಿ ಗೊತ್ತು. ತೀರ್ಥಹಳ್ಳಿ ಕಡೆ ಮ್ಯಾಟಿಂಗ್ ಪಿಚ್ ಮೇಲೆ ಹಲವು ವರ್ಷ ವೇಗದ ಬೌಲಿಂಗ್ ಮಾಡಿದವನು ನಾನು. ಒಂದು ಟೂರ್ನಿಯಲ್ಲಿ ಶನಿವಾರ ಒಂದೇ ದಿನ ಮೂರು ಪಂದ್ಯ ಆಡಿಸಿದರು. ಭಾನುವಾರ ಬೆಳಿಗ್ಗೆ ಗೂಟದಿಂದ ಅಂಗಿ ತೆಗೆಯಲು ಬಲಗೈ ಮೇಲೆ ಏಳಲಿಲ್ಲ. ಎಡಗೈಯಲ್ಲಿ ತೆಗೆದು ಹಾಕಿಕೊಂಡೆ. "ಫೈನಲ್ ಅಲ್ವಾ ಮಾರಾಯ, ಹೇಗಾದ್ರೂ ಹಾಕು" ಅಂದರು ನಮ್ಮ ತಂಡದ ಹಿರಿಯರು. ಹಾಕಿದೆ. ಮೊದಲ ಓವರ್‌ನಲ್ಲೇ ನಾಲ್ಕು ವೈಡ್. ಭುಜ ಆಮೇಲೆ ಸರಿ ಹೋಗಲೇ ಇಲ್ಲ.

ನನ್ನ ಅಕ್ಕನ ಮಗ ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿದ್ದಾನೆ, ಬೇಸ್‌ಬಾಲ್ ಹುಚ್ಚು. ಅಲ್ಲಿ ಚೆಂಡೆಸೆಯುವವರನ್ನು ಪಿಚರ್ ಅನ್ನುತ್ತಾರೆ. ಪಂದ್ಯ ಶುರು ಮಾಡುವ ಪಿಚರ್ ಒಬ್ಬ ನೂರರ ಹತ್ತಿರ ಚೆಂಡು ಎಸೆದರೆ ಆಮೇಲೆ ನಾಲ್ಕು ದಿನವಾದರೂ ಅವನನ್ನು ಮುಟ್ಟುವುದಿಲ್ಲವಂತೆ. ಜುಲೈ ಕೊನೆಯ ಹೊತ್ತಿಗೆ ಆಟಗಾರರ ಕೊಡುಕೊಳ್ಳುವಿಕೆಗೆ ಗಡುವು, ಕಪ್ ಗೆಲ್ಲುವ ಆಸೆ ಇರುವ ತಂಡಗಳೆಲ್ಲ ಆಗ ಪಿಚರ್‌ಗಳಿಗೇ ಮುಗಿಬೀಳುತ್ತವೆ. 2016ರಲ್ಲಿ ಶಿಕಾಗೊ ಕಬ್ಸ್ ಹಾಗೆ ಚಾಪ್ಮನ್ ಅನ್ನುವವನನ್ನು ತಂದು, 108 ವರ್ಷದ ನಂತರ ಕಪ್ ಗೆದ್ದರು. ನಮಗೆ ಅಂಥ ಸಂತೆ ಇಲ್ಲ, ಸೀಸನ್ ನಡುವೆ ಯಾರನ್ನೂ ಕೊಂಡು ತರಲು ಆಗುವುದಿಲ್ಲ. ಹಾಗಾಗಿ ನನಗೆ ಹೆಚ್ಚು ಹಿಡಿಸಿದ್ದು 2025ರಲ್ಲಿ ಅಕ್ಕನ ಮಗನ ಊರಿನ ಡಾಡ್ಜರ್ಸ್ ತಂಡ ಮಾಡಿದ್ದು. ರೋಕಿ ಸಸಾಕಿ ಅಂತ ಜಪಾನಿನ ಹುಡುಗ, ಪಂದ್ಯ ಶುರು ಮಾಡುತ್ತಿದ್ದವನು, ಭುಜದ ನೋವಿನಿಂದ ತಿಂಗಳುಗಟ್ಟಲೆ ಹೊರಗಿದ್ದ. ಅವನು ವಾಪಸ್ ಬಂದಾಗ ಹಳೇ ಕೆಲಸಕ್ಕೇ ಹಚ್ಚಲಿಲ್ಲ. ಒಂಬತ್ತು ಇನಿಂಗ್ಸ್‌ನ ಆ ಆಟದಲ್ಲಿ ಕೊನೆಯ ಒಂದೆರಡು ಇನಿಂಗ್ಸ್ ಮಾತ್ರ ಎಸೆಯುವ ಕೆಲಸ ಕೊಟ್ಟರು. ಇರುವವನನ್ನೇ ಬೇರೆ ಹೊತ್ತಿಗೆ ಬಳಸಿಕೊಂಡರು, ಕಪ್ಪೂ ಗೆದ್ದರು.

ನಮ್ಮಲ್ಲೂ ಇದು ಆಗಬೇಕು. ನಮ್ಮ ವೇಗಿಗಳಾದ ವಿದ್ವತ್ ಕಾವೇರಪ್ಪ, ವೈಶಾಖ್ ವಿಜಯ್‌ಕುಮಾರ್ ಇಬ್ಬರನ್ನೂ ಹೊಸ ಚೆಂಡಿಗೇ ಸವೆಸಿಬಿಟ್ಟರೆ ನಲವತ್ತನೇ ಓವರ್‌ನಿಂದ ಎಂಬತ್ತನೇ ಓವರ್‌ವರೆಗೆ ಯಾರು? ಸೌರಾಷ್ಟ್ರದವರು ನಮ್ಮನ್ನು ಅರೆದಿದ್ದು ಅಂಥ ಹೊತ್ತಿನಲ್ಲೇ. ಅದಕ್ಕೆ ಅಂತಲೇ ಒಬ್ಬನನ್ನು ಮೀಸಲಿಡಿ, ಮೊದಲ ಸ್ಪೆಲ್ ಅವನಿಗೆ ಎರಡು ಮೂರು ಓವರ್ ಸಾಕು. ಪ್ರಸಿದ್ಧ್ ಕೃಷ್ಣ ಭಾರತ ತಂಡಕ್ಕೆ ಹೋಗಬಹುದು, ಅವರನ್ನು ನಂಬಿ ಲೆಕ್ಕ ಹಾಕಬೇಡಿ, ಬಂದರೆ ಸಂತೋಷ. ಇನ್ನು ಎಡಗೈ ವೇಗಿ. ಅವನು ಓವರ್ ದ ವಿಕೆಟ್, ಅಂದರೆ ಚೆಂಡು ಹಾಕುವ ಕೈ ಸ್ಟಂಪ್ ಕಡೆಗೆ ಇರುವ ಹಾಗೆ, ಬಂದು ಹಾಕಿದರೆ ಅವನ ಬೂಟು ಕೆರೆದ ಗುರುತು ಬಲಗೈ ಬ್ಯಾಟ್ಸ್‌ಮನ್‌ನ ಆಫ್ ಸ್ಟಂಪ್ ಆಚೆ ಬೀಳುತ್ತದೆ. ನಾಲ್ಕನೇ ದಿನ, ಐದನೇ ದಿನ ಆ ಕಡೆ ತುದಿಯಿಂದ ಆಫ್ ಸ್ಪಿನ್ನರ್ ಅದೇ ಗುಂಡಿಗೆ ಚೆಂಡು ಹಾಕಬಹುದು. ಅಂದರೆ ಒಬ್ಬ ಎಡಗೈ ಬೌಲರ್ ಇದ್ದರೆ ಸ್ಪಿನ್ನರ್‌ಗೂ ಬಲ ಬಂತು. ಒಬ್ಬ ಲೆಗ್ ಸ್ಪಿನ್ನರ್ ಕೂಡ ತಂಡದಲ್ಲಿ ಇರಲೇಬೇಕು. ರನ್ ಕೊಟ್ಟರೂ ಪರವಾಗಿಲ್ಲ, ಆಡಲು ಕೂತುಬಿಟ್ಟ ಜೋಡಿಯನ್ನು ಒಡೆಯುವುದು ಅವನೇ.

ಕೊನೆಯದಾಗಿ ನಮ್ಮ ಶಿವಮೊಗ್ಗದ ಮಾತು. 2024ರ ಜನವರಿಯಲ್ಲಿ ನವುಲೆ ಮೈದಾನದಲ್ಲಿ ಪ್ರಖರ್ ಚತುರ್ವೇದಿ ಮುಂಬೈ ವಿರುದ್ಧ 19 ವರ್ಷದೊಳಗಿನವರ ಕೂಚ್ ಬೆಹಾರ್ ಟ್ರೋಫಿ ಫೈನಲ್‌ನಲ್ಲಿ 404 ಹೊಡೆದು ಔಟಾಗದೆ ಉಳಿದಾಗ ಇಡೀ ದೇಶ ನಮ್ಮ ಊರಿನ ಕಡೆ ನೋಡಿತು. ಅದಾದ ಮೇಲೆ ನಮ್ಮೂರ ಮಕ್ಕಳೆಲ್ಲ ಬ್ಯಾಟೇ ಬೇಕು ಅನ್ನುತ್ತಿದ್ದಾರೆ. ಸಂಜೆ ನೆಟ್ಸ್ ಹತ್ತಿರ ನಿಂತು ನೋಡಿ, ಪ್ಯಾಡ್ ಕಟ್ಟಿಕೊಂಡು ಕಾಯುವವರು ಹತ್ತು ಜನ, ಬೌಲಿಂಗ್ ಮಾಡಲು ಇಬ್ಬರು. ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ಬೌಲರ್ ಆಗಬೇಕು ಅನ್ನುವ ಹುಡುಗನಿಗೆ ಪೂರ್ತಿ ರನ್ ಅಪ್ ತೆಗೆದುಕೊಂಡು ಓಡಲು ಜಾಗವೇ ಇಲ್ಲ. ಉದ್ದ ರನ್ ಅಪ್‌ಗೆ ಸಾಕಾಗುವಷ್ಟು ಜಾಗ ಇರುವ, ಮೇಲೆ ಸೂರು ಇರುವ ನೆಟ್ಸ್ ನಮ್ಮ ವಲಯಕ್ಕೆ ಬೇಕು. ಈ ವರ್ಷದ ನಾಕೌಟ್‌ಗೆ ಇದರಿಂದ ಏನೂ ಆಗದು, ಗೊತ್ತು. ಐದು ವರ್ಷದ ನಂತರದ್ದಕ್ಕೆ ಈಗಲೇ ಶುರು ಮಾಡಬೇಕು.

ನಿಮ್ಮಲ್ಲೂ ಒಂದು ಕೋರಿಕೆ. ಇತ್ತೀಚೆಗೆ ರಣಜಿ ಸ್ಕೋರ್ ಹಾಕುವಾಗ ಬೌಲರ್‌ಗಳ ವಿಕೆಟ್, ರನ್ ಮಾತ್ರ ಬರುತ್ತಿದೆ. ಎಷ್ಟು ಓವರ್ ಹಾಕಿದರು ಅನ್ನುವುದನ್ನೂ ಹಾಕಿ. ನಾನು ಅಡಿಕೆ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಅದನ್ನು ಬರೆದಿಟ್ಟುಕೊಳ್ಳುತ್ತೇನೆ. ಹೋದ ಎರಡು ಪಂದ್ಯಗಳ ಜಾಗ ಖಾಲಿ ಇದೆ.

ಇತಿ,
ನಿಮ್ಮ ಓದುಗ,
ತೀರ್ಥಹಳ್ಳಿ ತಾಲೂಕು, ಶಿವಮೊಗ್ಗ ಜಿಲ್ಲೆ