ಬೌದ್ಧ ಮಠದ ಅಡುಗೆ: ಬೆಳ್ಳುಳ್ಳಿ ಬಿಟ್ಟರಷ್ಟೇ ಸಾಲದು

ಮಾನ್ಯ ಸಂಪಾದಕರೇ,

ಕೊರಿಯ ಮತ್ತು ಜಪಾನಿನ ಬೌದ್ಧ ಮಠಗಳ ಅಡುಗೆಯನ್ನು ಕುರಿತ ಬರಹಗಳು ಪತ್ರಿಕೆಗಳ ಆಹಾರ ಪುಟಗಳಲ್ಲಿ ಈಗೀಗ ಆಗಾಗ ಕಾಣಿಸಿಕೊಳ್ಳುತ್ತಿರುವುದು ಸಂತೋಷದ ವಿಷಯ. ಆದರೆ ಅವುಗಳಲ್ಲಿ ಹೆಚ್ಚಿನವು ಈ ಅಡುಗೆಯನ್ನು ತೂಕ ಇಳಿಸುವ, ಹೊಟ್ಟೆಗೆ ಹಗುರವಾದ, ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಒಂದು ಬಗೆಯ ಪಥ್ಯವೆಂದು ಪರಿಚಯಿಸಿ, ಕೊನೆಗೆ ಎರಡು ತಿನಿಸುಗಳ ವಿಧಾನ ಕೊಟ್ಟು ಮುಗಿದುಬಿಡುತ್ತವೆ. ಅಡುಗೆಮನೆಯನ್ನೇ ಸಾಧನೆಯ ಜಾಗವೆಂದು ತಿಳಿದ ಪರಂಪರೆಯೊಂದರಿಂದ ಆ ಸಾಧನೆಯನ್ನೇ ಸೋಸಿ ಹೊರಗಿಟ್ಟಂತೆ ಇದು ನನಗೆ ಕಾಣುತ್ತದೆ. ಬಹುಕಾಲದಿಂದ ಈ ವಿಷಯವನ್ನು ಪ್ರೀತಿಯಿಂದ ಓದಿಕೊಂಡು ಬಂದಿರುವುದರಿಂದ ಕೆಲವು ಮಾತುಗಳನ್ನು ತಮ್ಮ ಪತ್ರಿಕೆಯ ಓದುಗರ ಮುಂದಿಡಲು ಅನುಮತಿ ಕೋರುತ್ತೇನೆ.

ಮೊದಲು ಬೆಳ್ಳುಳ್ಳಿಯ ವಿಚಾರ. ಕೊರಿಯದ ಮಠಗಳ ಅಡುಗೆಯಲ್ಲಿ ‘ಓಶಿನ್‌ಚೆ’ ಎಂದು ಕರೆಯುವ ಐದು ಘಾಟು ಪದಾರ್ಥಗಳಿಗೆ ಸ್ಥಾನವಿಲ್ಲ. ಬೆಳ್ಳುಳ್ಳಿ ಮತ್ತು ಈರುಳ್ಳಿಯ ಜಾತಿಗೆ ಸೇರಿದ ಗೆಡ್ಡೆ, ಸೊಪ್ಪುಗಳ ಜೊತೆಗೆ ಇಂಗು ಕೂಡ ಈ ಹಳೆಯ ಪಟ್ಟಿಯಲ್ಲಿದೆ. ಇವು ಬೇಯಿಸಿ ತಿಂದರೆ ಕಾಮವನ್ನು, ಹಸಿಯಾಗಿ ತಿಂದರೆ ಕ್ರೋಧವನ್ನು ಹೆಚ್ಚಿಸುತ್ತವೆ ಎಂದು ಶೂರಂಗಮ ಸೂತ್ರವೆಂಬ ಬೌದ್ಧ ಗ್ರಂಥ ಹೇಳುತ್ತದೆ. ಆಹಾರ ಪುಟಗಳ ಬರಹಗಳು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತವೆ. ಸಂಘದ ನಿಯಮಗಳ ಗ್ರಂಥವಾದ ಪಾಲಿ ವಿನಯಪಿಟಕದಲ್ಲಿ ಭಿಕ್ಷುಣಿಯರಿಗೆ ಬೆಳ್ಳುಳ್ಳಿ ನಿಷೇಧವಾದ ಸಂದರ್ಭ ಇದಕ್ಕಿಂತ ಬಹಳ ಬೇರೆಯದು. ಉಪಾಸಕನೊಬ್ಬ, ಅಂದರೆ ಗೃಹಸ್ಥ ಭಕ್ತನೊಬ್ಬ, ಭಿಕ್ಷುಣಿಯರಿಗೆ ಬೆಳ್ಳುಳ್ಳಿ ಕೊಡುವುದಾಗಿ ಮಾತು ಕೊಟ್ಟು, ಒಬ್ಬೊಬ್ಬರಿಗೂ ಎರಡು ಮೂರು ಗೊಂಚಲು ಕೊಡುವಂತೆ ಹೊಲ ಕಾಯುವವನಿಗೆ ತಿಳಿಸಿರುತ್ತಾನೆ. ಥುಲ್ಲನಂದಾ ಎಂಬ ಭಿಕ್ಷುಣಿ ಹೊಲಕ್ಕೆ ಹೋಗಿ ಅಳತೆ ಮೀರಿ ಕೀಳಿಸಿಕೊಂಡು ಬರುತ್ತಾಳೆ. ಕಾವಲುಗಾರ ನೊಂದು ದೂರುತ್ತಾನೆ. ಆಗ ನಿಯಮ ಹುಟ್ಟುತ್ತದೆ. ಭಿಕ್ಷುಗಳಿಗೆ ನಿಷೇಧ ಬಂದದ್ದು ಇನ್ನೊಂದು ಕಾರಣಕ್ಕೆ: ಬೆಳ್ಳುಳ್ಳಿ ತಿಂದ ಭಿಕ್ಷುವೊಬ್ಬ ತನ್ನ ವಾಸನೆಯಿಂದ ಇತರರಿಗೆ ತೊಂದರೆಯಾದೀತೆಂದು ಧರ್ಮೋಪದೇಶದ ವೇಳೆ ದೂರ ಕುಳಿತನಂತೆ. ಆದರೆ ಬುದ್ಧನ ಪ್ರಮುಖ ಶಿಷ್ಯ ಸಾರಿಪುತ್ತನಿಗೆ ಹೊಟ್ಟೆಯಲ್ಲಿ ವಾಯುವಿನ ಬಾಧೆಯಾದಾಗ, ಕಾಯಿಲೆಯಿದ್ದವರು ತಿನ್ನಬಹುದೆಂದು ಬುದ್ಧನೇ ಒಪ್ಪಿದ. ಕೊಟ್ಟವರ ಔದಾರ್ಯವನ್ನು ದುರುಪಯೋಗ ಮಾಡಿಕೊಳ್ಳಬಾರದು, ಜೊತೆಯವರಿಗೆ ಅಡ್ಡಿಯಾಗಬಾರದು, ರೋಗಿಯನ್ನು ಕಷ್ಟಕ್ಕೆ ಗುರಿಮಾಡಬಾರದು ಎಂಬ ಮೂರು ಕಾಳಜಿಗಳು ಈ ಕಥೆಗಳಲ್ಲಿವೆ. ಇವನ್ನು ಬಿಟ್ಟು ಬೆಳ್ಳುಳ್ಳಿಯನ್ನು ಮಾತ್ರ ಪಾತ್ರೆಯಿಂದ ತೆಗೆದರೆ ಅದು ಬೆಳ್ಳುಳ್ಳಿಯಿಲ್ಲದ ಪಲ್ಯವಾಗುತ್ತದೆ, ಅಷ್ಟೆ.

ಬೌದ್ಧ ಭಿಕ್ಷುಗಳೆಲ್ಲ ಸಸ್ಯಾಹಾರಿಗಳೆಂಬ ಮಾತೂ ತಿದ್ದಿಕೊಳ್ಳಬೇಕಾದದ್ದು. ಮಾಂಸವನ್ನು ಪೂರ್ತಿ ನಿಷೇಧಿಸಬೇಕೆಂದು ಸಂಘದಲ್ಲಿ ಬುದ್ಧನಿಗೆ ಎದುರಾಗಿ ನಿಂತ ದೇವದತ್ತ ಕೇಳಿದಾಗ ಬುದ್ಧ ಒಪ್ಪಲಿಲ್ಲ; ತನಗಾಗಿ ಕೊಂದದ್ದೆಂದು ಕಾಣದ, ಕೇಳದ, ಸಂಶಯಿಸದ ಮಾಂಸವನ್ನು ಭಿಕ್ಷೆಯಾಗಿ ಸ್ವೀಕರಿಸಬಹುದೆಂದು ಬುದ್ಧನ ಉಪದೇಶಗಳಲ್ಲೊಂದಾದ ಜೀವಕ ಸುತ್ತ ಹೇಳುತ್ತದೆ. ಚೀನಾದ ಮಠಗಳಲ್ಲಿ ಶಾಕಾಹಾರ ಕಡ್ಡಾಯವಾದದ್ದು ಮಹಾಯಾನ ಪಂಥದ ಸೂತ್ರಗಳಿಂದ, ಮತ್ತು ಅಲ್ಲಿ 6ನೇ ಶತಮಾನದಲ್ಲಿ ಆಳಿದ ಲಿಯಾಂಗ್ ವಂಶದ ಚಕ್ರವರ್ತಿ ವೂ ತೋರಿದ ಹಟದಿಂದ.

ಭಿಕ್ಷಾಪಾತ್ರೆಯಿಂದ ಅಡುಗೆಮನೆಗೆ ಬಂದ ದಾರಿಯನ್ನು ತಿಳಿಯದೆ ಈ ಅಡುಗೆಯ ಮಹತ್ವ ಅರ್ಥವಾಗುವುದಿಲ್ಲವೆಂದು ನಾನು ಭಾವಿಸುತ್ತೇನೆ. ಮೂಲ ವಿನಯದ ಪ್ರಕಾರ ಭಿಕ್ಷು ತಾನೇ ಅಡುಗೆ ಮಾಡಿಕೊಳ್ಳುವಂತಿಲ್ಲ, ಆಹಾರ ಕೂಡಿಡುವಂತಿಲ್ಲ, ನೆಲ ಅಗೆಯುವಂತಿಲ್ಲ. ಮಧ್ಯಾಹ್ನದೊಳಗೆ, ಬೇಡಿ ತಂದದ್ದನ್ನು ಉಣ್ಣಬೇಕು. ಉಣ್ಣುವ ಮುನ್ನ, ಈ ಆಹಾರ ಆಟಕ್ಕಲ್ಲ, ಮದಕ್ಕಲ್ಲ, ಮೈ ಬೆಳೆಸುವುದಕ್ಕಲ್ಲ, ಚೆಲುವಿಗಲ್ಲ, ಸಾಧನೆಗೆ ಬೇಕಾದ ದೇಹ ಉಳಿಯಲೆಂದು ಮಾತ್ರ ಎಂದು ನೆನೆಯಬೇಕು. ಇಲ್ಲಿ ಸಾಧನೆಯೆಂಬುದು ಉಣ್ಣುವವನದು. ಚೀನಾದಲ್ಲಿ ಬೆಟ್ಟಗಳ ಮೇಲೆ ನೂರಾರು ಭಿಕ್ಷುಗಳು ಒಟ್ಟಿಗೆ ಬದುಕತೊಡಗಿದಾಗ ಭಿಕ್ಷಾಟನೆಯೊಂದರಿಂದಲೇ ಎಲ್ಲರ ಹೊಟ್ಟೆ ತುಂಬುವಂತಿರಲಿಲ್ಲ. ಮಠಗಳು ಹೊಲ ಮಾಡಿದವು, ಕಣಜ ಕಟ್ಟಿದವು, ಒಲೆ ಹೂಡಿದವು. ಕೆಲಸ ಮಾಡದ ದಿನ ಊಟವಿಲ್ಲ ಎಂದ ಚೀನಾದ ಧ್ಯಾನಪಂಥದ ಗುರು ಬೈಜಾಂಗ್ (720–814) ಇಳಿವಯಸ್ಸಿನಲ್ಲೂ ಹೊಲಕ್ಕಿಳಿಯುತ್ತಿದ್ದ. ಶಿಷ್ಯರು ಮರುಕದಿಂದ ಅವನ ಸಲಕರಣೆಗಳನ್ನು ಬಚ್ಚಿಟ್ಟಾಗ ಆತ ಉಣ್ಣದೆ ಕುಳಿತನೆಂಬ ಕಥೆಯಿದೆ. ಹೀಗೆ ಉಣ್ಣುವವನ ಜೊತೆಗೆ ಬೇಯಿಸುವವನೂ ಸಾಧಕನಾದ.

ಇದನ್ನು ಎಲ್ಲರಿಗಿಂತ ಸ್ಪಷ್ಟವಾಗಿ ಬರೆದಿಟ್ಟವನು ಜಪಾನಿನ ಝೆನ್ ಗುರು ದೋಗೆನ್ (1200–1253). 1223ರಲ್ಲಿ ಧರ್ಮವನ್ನು ಅರಸುತ್ತ ಚೀನಾಕ್ಕೆ ಹೋದ ಈ ತರುಣ, ಬಂದರಿನಲ್ಲಿ ಹಡಗಿನಿಂದ ಇನ್ನೂ ಇಳಿಯುವ ಮೊದಲೇ ಅರವತ್ತೊಂದು ವರ್ಷದ ಭಿಕ್ಷುವೊಬ್ಬನನ್ನು ಕಂಡ. ಅವನು ಅಯುವಾಂಗ್ ಬೆಟ್ಟದ, ಎಂದರೆ ನಮ್ಮ ಅಶೋಕ ಚಕ್ರವರ್ತಿಯ ಹೆಸರನ್ನೇ ಹೊತ್ತ ಬೆಟ್ಟದ ಮಠದ ‘ತೆಂಜೊ’, ಅಂದರೆ ಅಡುಗೆಯ ಮುಖ್ಯಸ್ಥ. ಮರುದಿನದ ಹಬ್ಬದೂಟದ ಶಾವಿಗೆ ಸಾರಿಗೆಂದು ಜಪಾನಿನ ಅಣಬೆ ಕೊಳ್ಳಲು ಅಷ್ಟು ದೂರ ನಡೆದು ಬಂದಿದ್ದ. ರಾತ್ರಿ ಇಲ್ಲೇ ಉಳಿಯಿರಿ, ಅಡುಗೆಗೆ ಬೇರೆ ಯಾರೂ ಇಲ್ಲವೇ, ಈ ವಯಸ್ಸಿನಲ್ಲಿ ಧ್ಯಾನ, ಅಧ್ಯಯನ ಬಿಟ್ಟು ಈ ದುಡಿಮೆ ಏಕೆ ಎಂದು ದೋಗೆನ್ ಕೇಳಿದಾಗ ಮುದುಕ ನಕ್ಕು, ನಿನಗೆ ಸಾಧನೆಯೆಂದರೇನೆಂದು ಇನ್ನೂ ತಿಳಿದಿಲ್ಲ ಎಂದು ಹೇಳಿ ಹೊರಟುಹೋದ. ತಿಯಾನ್‌ತೊಂಗ್ ಮಠದಲ್ಲಿ ಕಂಡ ಇನ್ನೊಬ್ಬ ತೆಂಜೊನಿಗೆ ಅರವತ್ತೆಂಟು ವರ್ಷ. ಬಿಲ್ಲಿನಂತೆ ಬಾಗಿದ ಬೆನ್ನು, ಬೆಳ್ಳಗಾದ ಹುಬ್ಬು, ಕೈಯಲ್ಲಿ ಬಿದಿರುಕೋಲು. ತಲೆಗೊಂದು ಟೋಪಿಯೂ ಇಲ್ಲದೆ ಸುಡುಬಿಸಿಲಿನಲ್ಲಿ ಅಡುಗೆಯ ಸಾಮಗ್ರಿ ಒಣಗಿಸುತ್ತಿದ್ದ. ಆಳುಗಳಿಂದ ಮಾಡಿಸಬಾರದೇ ಎಂದರೆ, ಬೇರೆಯವರು ನಾನಲ್ಲವಲ್ಲ ಎಂದ. ಈ ಬಿಸಿಲಿನಲ್ಲೇ ಏಕೆ ಎಂದರೆ, ಇನ್ನಾವ ಹೊತ್ತಿಗಾಗಿ ಕಾಯಲಿ ಎಂದ. ದೋಗೆನ್‌ನಿಗೆ ಮುಂದೆ ಮಾತು ಹೊರಡಲಿಲ್ಲ. ನಾನು ಎಷ್ಟು ಸಲ ಓದಿದರೂ ಈ ಜಾಗದಲ್ಲಿ ನನಗೂ ಪುಟ ತಿರುಗಿಸಲು ಮನಸ್ಸಾಗುವುದಿಲ್ಲ.

ದೋಗೆನ್ ತಾಯ್ನಾಡಿಗೆ ಮರಳಿ 1237ರಲ್ಲಿ ಬರೆದ ‘ತೆಂಜೊ ಕ್ಯೋಕುನ್’, ಅಂದರೆ ಅಡುಗೆಯವನಿಗೆ ಉಪದೇಶ, ಪಾಕಶಾಸ್ತ್ರದ ಪುಸ್ತಕವಲ್ಲ. ಮಧ್ಯಾಹ್ನದ ಊಟ ಮುಗಿದ ಮೇಲೆ ತೆಂಜೊ ಮರುದಿನದ ಅಕ್ಕಿ, ತರಕಾರಿಗಳನ್ನು ಉಗ್ರಾಣದಿಂದ ಪಡೆದು ಕಣ್ಣಿನ ಗುಡ್ಡೆಯಂತೆ ಜೋಪಾನ ಮಾಡಬೇಕು; ಅಕ್ಕಿಯನ್ನು ತಾನೇ ತೊಳೆಯಬೇಕು; ಕಲ್ಲು ಆರಿಸುವಾಗ ಅಕ್ಕಿಯ ಮೇಲೂ ಅಕ್ಕಿ ನೋಡುವಾಗ ಕಲ್ಲಿನ ಮೇಲೂ ಗಮನವಿರಬೇಕು; ಅಕ್ಕಿ ತೊಳೆದ ನೀರನ್ನು ಸುಮ್ಮನೆ ಚೆಲ್ಲಬಾರದು; ಎತ್ತರದಲ್ಲಿಡಬೇಕಾದ ಪಾತ್ರೆಯನ್ನು ಎತ್ತರದಲ್ಲೂ ತಗ್ಗಿನಲ್ಲಿಡಬೇಕಾದುದನ್ನು ತಗ್ಗಿನಲ್ಲೂ ಇಡಬೇಕು. ಒರಟು ಸೊಪ್ಪು ಸಿಕ್ಕಿತೆಂದು ಮನಸ್ಸು ಕುಗ್ಗಬಾರದು, ಉತ್ತಮ ಪದಾರ್ಥ ಸಿಕ್ಕಿತೆಂದು ಹಿಗ್ಗಬಾರದು. ಅಡುಗೆ ಸಿದ್ಧವಾದ ಮೇಲೆ ಭಿಕ್ಷುಗಳ ಸಭಾಂಗಣದ ಕಡೆಗೆ ಮುಖ ಮಾಡಿ, ಧೂಪ ಹಾಕಿ, ಒಂಬತ್ತು ಸಲ ನಮಸ್ಕರಿಸಿ, ಅನಂತರವೇ ಊಟವನ್ನು ಕಳುಹಿಸಬೇಕು. ಸಂತೋಷದ ಮನಸ್ಸು, ತಾಯ್ತಂದೆಯರ ಮನಸ್ಸು, ವಿಶಾಲವಾದ ಮನಸ್ಸು ಎಂಬ ಮೂರನ್ನು ಅವನು ಅಡುಗೆಯವನಿಂದ ಕೇಳುತ್ತಾನೆ. ಮಠದ ಆರು ಪ್ರಮುಖ ಹೊಣೆಗಾರರಲ್ಲಿ ತೆಂಜೊ ಒಬ್ಬ. ಅನುಭವ ಮಾಗಿದವರಿಗೆ ಮಾತ್ರ ಆ ಸ್ಥಾನ ಸಲ್ಲುತ್ತಿತ್ತು. ದೋಗೆನ್ 1244ರಲ್ಲಿ ಸ್ಥಾಪಿಸಿದ ಮಠ, ಇಂದಿನ ಏಹೇಜಿ, ಈಗಲೂ ನಡೆಯುತ್ತಿದೆ. ಅಲ್ಲಿ ‘ಅರ್ಧ ಸೌಟಿನ ಸೇತುವೆ’ ಎಂಬ ಹೆಸರಿನ ಸೇತುವೆಯೊಂದಿದೆ: ಬಳಸಿ ಉಳಿದ ಅರ್ಧ ಸೌಟು ನೀರನ್ನು ದೋಗೆನ್ ಹೊಳೆಗೇ ಮರಳಿಸುತ್ತಿದ್ದನೆಂಬ ನೆನಪಿಗೆ.

ಕೊರಿಯದ ಮಠಗಳಲ್ಲಿ ನಾಲ್ಕು ಬಟ್ಟಲುಗಳ ಊಟಕ್ಕೆ ‘ಬಾರು ಗೋಂಗ್ಯಾಂಗ್’ ಎನ್ನುತ್ತಾರೆ. ಒಂದರೊಳಗೊಂದು ಕೂರುವ ಆ ಬಟ್ಟಲುಗಳಲ್ಲಿ ಅನ್ನ, ಸಾರು, ವ್ಯಂಜನ, ನೀರು. ಬೇಕಾದಷ್ಟನ್ನೇ ಹಾಕಿಸಿಕೊಂಡು, ಮಾತಿಲ್ಲದೆ ಉಂಡು, ಉಳಿಸಿಕೊಂಡ ಉಪ್ಪಿನಕಾಯಿಯ ಒಂದು ತುಂಡಿನಿಂದ ಬಟ್ಟಲನ್ನು ಉಜ್ಜಿ, ಆ ನೀರನ್ನೂ ಕುಡಿಯುತ್ತಾರೆ. ಕೊನೆಗೆ ತೊಳೆದ ತಿಳಿನೀರು ಸೂಜಿಮೊನೆಯಷ್ಟು ಕಿರಿದಾದ ಗಂಟಲಿನ ಪ್ರೇತಗಳಿಗೆ. ಅದರಲ್ಲಿ ಒಂದು ಅಗುಳೂ ಇರಬಾರದು. ಬೆಗ್ಯಾಂಗ್ಸಾ ಮಠದ ಆಶ್ರಮದಲ್ಲಿರುವ ಭಿಕ್ಷುಣಿ ಜಿಯೋಂಗ್ ಕ್ವಾನ್ 2017ರ ಸಾಕ್ಷ್ಯಚಿತ್ರ ಸರಣಿಯೊಂದರಿಂದ ಜಗತ್ತಿಗೆಲ್ಲ ಪರಿಚಿತರಾದರು. ಹೆಸರಾಂತ ಬಾಣಸಿಗರು ಅವರನ್ನು ಹುಡುಕಿಕೊಂಡು ಹೋಗುವುದನ್ನು ನಾನು ಆಕ್ಷೇಪಿಸುವುದಿಲ್ಲ. ಹಾಗೆ ಹೋದವರಿಂದಲೇ ಈ ಪರಂಪರೆ ಎಷ್ಟೋ ಜನರಿಗೆ ತಿಳಿಯಿತು. ಆದರೆ ಆಕೆ ತಮ್ಮನ್ನು ಬಾಣಸಿಗಳೆಂದು ಅಲ್ಲ, ಸಾಧಕಿಯೆಂದು ಹೇಳಿಕೊಳ್ಳುತ್ತಾರೆ ಎಂಬುದನ್ನು ಬರೆಯುವವರು ಗಂಭೀರವಾಗಿ ತೆಗೆದುಕೊಳ್ಳಬೇಕು.

ಆರೋಗ್ಯದ ಮಾತೇ ಆಡಬಾರದೆಂದು ನಾನು ಹೇಳುತ್ತಿಲ್ಲ. ಕೋಸಲದ ರಾಜ ಪಸೇನದಿ ಮಿತಿಮೀರಿ ಉಂಡು ಏದುಸಿರು ಬಿಡುತ್ತ ಬುದ್ಧನ ಬಳಿ ಬಂದಾಗ, ಎಚ್ಚರದಿಂದಿದ್ದು ಉಣಿಸಿನಲ್ಲಿ ಮಿತಿ ತಿಳಿದವನಿಗೆ ನೋವು ಕಡಿಮೆ, ಮುಪ್ಪು ನಿಧಾನ ಎಂಬ ಅರ್ಥದ ಗಾಥೆಯನ್ನು ಬುದ್ಧ ಹೇಳಿದ. ಅದನ್ನು ಕಲಿತ ಸುದಸ್ಸನನೆಂಬ ತರುಣ ದಿನವೂ ರಾಜನ ಊಟದ ಹೊತ್ತಿಗೆ ಹೇಳುತ್ತಿದ್ದ. ಕ್ರಮೇಣ ರಾಜನ ಊಟ ಒಂದು ಸಣ್ಣ ಅಳತೆಗೆ ಇಳಿದು ಮೈ ಹಗುರವಾಯಿತು. ಅವನಿಗೆ ಬೇರೆ ಪದಾರ್ಥವನ್ನು ಯಾರೂ ಸೂಚಿಸಲಿಲ್ಲ. ತಟ್ಟೆಯಲ್ಲಿದ್ದದ್ದು ಅದೇ ಅನ್ನ.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿ ಇಷ್ಟು. ಮುಂದೆ ಬೌದ್ಧ ಮಠದ ತಿನಿಸೊಂದರ ವಿಧಾನವನ್ನು ಪ್ರಕಟಿಸುವಾಗ, ಊಟಕ್ಕೆ ಮುನ್ನ ಪೂರ್ವ ಏಷ್ಯಾದ ಮಠಗಳಲ್ಲಿ ಹೇಳುವ ಐದು ಚಿಂತನೆಗಳನ್ನೂ ಅದರ ಪಕ್ಕದಲ್ಲಿ ಅಚ್ಚು ಮಾಡಿ: ಈ ಆಹಾರ ಎಲ್ಲಿಂದ, ಎಷ್ಟು ಜನರ ದುಡಿಮೆಯಿಂದ ಬಂತು, ಇದನ್ನು ಪಡೆಯುವ ಯೋಗ್ಯತೆ ನನ್ನ ನಡತೆಗೆ ಇದೆಯೇ, ಮನಸ್ಸು ಲೋಭಕ್ಕೆ ಬೀಳದಿರಲಿ, ದೇಹವನ್ನು ಉಳಿಸುವ ಔಷಧಿಯೆಂದು ಇದನ್ನು ಸ್ವೀಕರಿಸುವೆ, ಅರಿವಿನ ದಾರಿ ಪೂರೈಸಲೆಂದು ಉಣ್ಣುವೆ. ಇದಕ್ಕೆ ಹೆಚ್ಚೆಂದರೆ ಐದು ಸಾಲಿನ ಜಾಗ ಬೇಕಾದೀತು.

ಇತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ